ದ್ವಿನೇತ್ರ ಪೆಟ್ಟಿಗೆಯ ತವರು ಚಿಕ್ಕೋಡಿ ಸೀಮೆಯೇ: ಒಂದು ನಿರ್ವಿವಾದ ಸಂಶೋಧನೆ

ಜರ್ಮನಿಯ ಬ್ರೌನ್‌ಶ್ವೈಗ್ ಊರಿನ ಫ್ರಾಂಕೆ ಮತ್ತು ಹೈಡೆಕೆ ಎಂಬಿಬ್ಬರು 1929ರಲ್ಲಿ ರೋಲಿಫ್ಲೆಕ್ಸ್ ಎಂಬ ಎರಡು ಕಣ್ಣಿನ ಕ್ಯಾಮೆರಾ ಹೊರತಂದರೆಂದು ಲೋಕವೆಲ್ಲ ನಂಬಿದೆ. ಲೋಕ ನಂಬಿದ್ದನ್ನು ಅಲ್ಲಗಳೆಯದೆ ಯಾರೂ ವಿದ್ವಾಂಸರಾದ ದಾಖಲೆಯಿಲ್ಲ. ಆದಕಾರಣ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಪಂಚ ತಾಲೂಕುಗಳೇ ಈ ಯಂತ್ರದ ತವರು ಎಂದು ಇಲ್ಲಿ ಸಾಧಿಸಲಾಗುವುದು. ಆಕರ ಸಾಮಗ್ರಿ ಇಷ್ಟು: ಮಿರಜದ ಹಳೇ ಸಾಮಾನಿನ ಅಂಗಡಿಯಲ್ಲಿ ಸ್ವಸ್ತಕ್ಕೆ ಸಿಕ್ಕ ಲೂಬಿಟೆಲ್-2 ಎಂಬ ಇಂಥದೇ ಒಂದು ಕ್ಯಾಮೆರಾ, ಮೂರು ರೀಲು, ಮತ್ತು ಏನಾದರಾಗಲಿ ಗೆಲ್ಲಲೇಬೇಕೆಂಬ ಹಠ.

ಮೊದಲು ಲಕ್ಷಣ. ನನ್ನ ಲೂಬಿಟೆಲ್ ಬೇಕಲೈಟಿನ ಕರಿ ಡಬ್ಬಿ. ಮುಖದ ಮೇಲೆ ಒಂದರ ಮೇಲೊಂದು ಎರಡು ಕಣ್ಣು. ಮೇಲುಗಣ್ಣು ನೋಡುತ್ತದೆ, ಬರೆಯುವುದಿಲ್ಲ. ಕೆಳಗಣ್ಣು ಬರೆಯುತ್ತದೆ, ಏನು ಬರೆಯಿತೆಂದು ಯಾರಿಗೂ ತೋರಿಸುವುದಿಲ್ಲ. ಸಾಹೇಬರು ನೋಡುವುದು, ಗುಮಾಸ್ತರು ಬರೆಯುವುದು ಎಂಬ ಈ ಪದ್ಧತಿಯನ್ನು ಜರ್ಮನರು ತಾವಾಗಿಯೇ ಕಂಡುಹಿಡಿದರೆಂದರೆ ನಂಬಲು ನಾವೇನು ಕೂಸುಗಳೇ?

ಇನ್ನು ಶಬ್ದ ಪ್ರಮಾಣ. ನಮ್ಮ ಕಡೆಯ ಸ್ಟುಡಿಯೋದವರ ಕೊರಳಲ್ಲಿ ಮೊದಲು ತೂಗುತ್ತಿದ್ದುದು ಯಾಶಿಕಾ. ಅದರ 635 ಎಂಬ ಮಾದರಿಗೆ ಆ ಹೆಸರು ಬಂದದ್ದು ಆರು ಸೆಂಟಿಮೀಟರಿನ ಚೌಕ ಫೋಟೋ ಮತ್ತು 35 ಮಿಲಿಮೀಟರಿನ ರೀಲು ಎರಡಕ್ಕೂ ಅದು ಒಗ್ಗುತ್ತಿತ್ತೆಂದು. ಜಪಾನಿನದೆಂದು ಹೇಳುವ ಈ ಪದ ಸಂಸ್ಕೃತದ ‘ಯಾಚಿಕಾ’ ಎಂಬುದರ ತದ್ಭವ. ರೋಲಿಫ್ಲೆಕ್ಸ್ ಕೊಳ್ಳಲಾಗದವನು ಯಾಚಿಸಿ ಪಡೆದದ್ದು ಯಾಚಿಕಾ, ಅದೇ ಯಾಶಿಕಾ. ಚಕಾರ ಶಕಾರವಾಗುವುದಕ್ಕೆ ಬೇರೆ ನಿದರ್ಶನ ಕೇಳುವವರು ಅಸೂಯಾಪರರು.

ಆದರೆ ನನ್ನ ವಾದದ ಬೆನ್ನೆಲುಬು ಇರುವುದು ಅಥಣಿಯಲ್ಲಿ. ಅಲ್ಲಿ ಹೊಲಿದ ಚಪ್ಪಲಿ ಕೊಲ್ಲಾಪುರಿ ಎಂಬ ಹೆಸರಿನಲ್ಲಿ ಜಗತ್ತೆಲ್ಲ ತಿರುಗುತ್ತದೆ. 2019ರಲ್ಲಿ ಆ ಚಪ್ಪಲಿಗೆ ಭೌಗೋಳಿಕ ಸೂಚಿ ದೊರೆತಾಗ ಬೆಳಗಾವಿ ಜಿಲ್ಲೆಯೂ ಪಟ್ಟಿಯಲ್ಲಿ ಸೇರಿತು. ಮಾಲು ಅಥಣಿಯದು, ಹೆಸರು ಕೊಲ್ಲಾಪುರದ್ದು. ಹಾಗಿರುವಾಗ ಮಾಲು ಚಿಕ್ಕೋಡಿಯದು, ಹೆಸರು ಬ್ರೌನ್‌ಶ್ವೈಗಿನದು ಎಂದರೆ ಅದರಲ್ಲಿ ಅಸಾಧ್ಯವೇನಿದೆ? ನನ್ನ ಕ್ಯಾಮೆರಾದ ಚರ್ಮದ ಪಟ್ಟಿ ಹರಿದಾಗ ಅಥಣಿಯ ಒಬ್ಬ ಹಿರಿಯರು ಅದನ್ನು ಸಣ್ಣ ತೊಗಲಿನ ಎಳೆಯಲ್ಲಿ ಹೆಣೆದುಕೊಟ್ಟರು. ಡಬ್ಬಿಯನ್ನು ತಿರುವಿ ಮುರುವಿ ನೋಡಿ, “ಎರಡೂ ಒಂದ ನಮೂನಿ ಅದಾವಲ್ರೀ. ಇದರಾಗ ಎಡಗಾಲಿಂದು ಯಾವುದು?” ಎಂದು ಕೇಳಿದರು. ಜೋಡಿಯ ಮರ್ಮ ಬಲ್ಲವರ ಪ್ರಶ್ನೆ ಅದು. ಪಟ್ಟಿ ಈಗ ಕ್ಯಾಮೆರಾಕ್ಕಿಂತ ಹೆಚ್ಚು ಬಾಳುವಂತಿದೆ.

ನಿಪ್ಪಾಣಿಯ ಸಾಕ್ಷ್ಯ ಇಷ್ಟೇ ಬಲವಾದದ್ದು. ಕೊಡಾಕ್ ಕಂಪನಿ 1901ರಲ್ಲಿ ತಂದ 120 ರೀಲಿಗೆ ಪ್ಲಾಸ್ಟಿಕ್ಕಿನ ಡಬ್ಬಿಯಿಲ್ಲ. ಕಾಗದದ ಬೆನ್ನಿಗೆ ಅಂಟಿಸಿದ ಫಿಲ್ಮನ್ನು ಸುರುಳಿ ಸುತ್ತಿರುತ್ತಾರೆ, ಹನ್ನೆರಡು ಫೋಟೋ ಮುಗಿದ ಮೇಲೆ ತುದಿಯ ಪಟ್ಟಿಯನ್ನು ನಾಲಿಗೆಯಲ್ಲಿ ನೆಕ್ಕಿ ಅಂಟಿಸಬೇಕು. ಸುರುಳಿ ಸಡಿಲಾದರೆ ಬೆಳಕು ನುಗ್ಗುತ್ತದೆ. ತಂಬಾಕಿನ ಪೇಟೆಯಾದ ನಿಪ್ಪಾಣಿಯಲ್ಲಿ ಈ ವಿದ್ಯೆ ಯಾರಿಗೆ ಗೊತ್ತಿಲ್ಲ? ಬೀಡಿ ಕಟ್ಟುವ ಅಕ್ಕನೊಬ್ಬರ ಕೈಗೆ ನನ್ನ ಮುಗಿದ ರೀಲು ಕೊಟ್ಟು ಅಭಿಪ್ರಾಯ ಬೇಡಿದೆ. ಅವರು ಹೆಬ್ಬೆರಳಿನಿಂದ ಒತ್ತಿ ನೋಡಿ, “ಸಡ್ಲ ಆಗೇತ್ರೀ. ಮತ್ತ ಇದಕ್ಕ ದಾರಾ ಎಲ್ಲಿ?” ಎಂದರು. ಕೊಡಾಕಿಗೆ ಈ ವಿದ್ಯೆ ಅರ್ಧವಷ್ಟೇ ದಕ್ಕಿತ್ತೆಂಬುದು ಇದರಿಂದ ಸಿದ್ಧ.

ಇತಿಹಾಸವೂ ನಮ್ಮ ಪಕ್ಷವೇ. ನಿಪ್ಪಾಣಿಯ ಪಕ್ಕದ ಕೊಲ್ಲಾಪುರದಲ್ಲಿ ಬಾಬುರಾವ್ ಪೇಂಟರ್ ತಾವೇ ಕಟ್ಟಿದ ಕ್ಯಾಮೆರಾದಿಂದ ಚಿತ್ರ ತೆಗೆದರು. ಅವರ ‘ಸೈರಂಧ್ರಿ’ ತೆರೆಗೆ ಬಂದದ್ದು 1920ರಲ್ಲಿ. 1920ರಿಂದ 1929ಕ್ಕೆ ಒಂಬತ್ತು ವರ್ಷ. ಕೊಲ್ಲಾಪುರದ ಸುದ್ದಿ ನಿಪ್ಪಾಣಿಯ ತಂಬಾಕಿನ ಗಾಡಿ ಹತ್ತಿ ಬ್ರೌನ್‌ಶ್ವೈಗ್ ತಲುಪಲು ಅಷ್ಟು ಸಮಯ ಬೇಕೇ ಬೇಕು. ಅದು ಸಿನಿಮಾ ಕ್ಯಾಮೆರಾ, ಅದಕ್ಕಿದ್ದದ್ದು ಒಂದೇ ಕಣ್ಣು ಎಂಬ ತಕರಾರನ್ನು ಪರಿಶಿಷ್ಟದಲ್ಲಿ ಚರ್ಚಿಸುವೆನು. ಪರಿಶಿಷ್ಟ ಇನ್ನೂ ಬರೆದಿಲ್ಲ.

ಕಾಗವಾಡದ ಪ್ರಮಾಣ ತುಸು ಸೂಕ್ಷ್ಮ. ಈ ಕ್ಯಾಮೆರಾವನ್ನು ಹೊಟ್ಟೆಯ ಹತ್ತಿರ ಹಿಡಿದು, ತಲೆ ಬಗ್ಗಿಸಿ, ಮೇಲಿನ ಮುಚ್ಚಳದೊಳಗೆ ಇಣುಕಬೇಕು. ಅಲ್ಲಿ ಕಾಣುವ ಬಿಂಬ ನೆಟ್ಟಗಿರುತ್ತದೆ, ಆದರೆ ಒಳಗಿನ ಒಂದೇ ಕನ್ನಡಿಯಿಂದಾಗಿ ಎಡ ಬಲ ಅದಲು ಬದಲಾಗಿರುತ್ತದೆ. ವಾಸ್ತುವಿಗೆ ಒಪ್ಪುವಂತೆ ಕಾಗವಾಡದಲ್ಲಿ ಈಶಾನ್ಯಕ್ಕೆ ಮುಖ ಮಾಡಿ ನಿಂತೆ. ಎಡಗೈಗೆ ಮಿರಜ, ಬಲಗೈಗೆ ಉಗಾರ. ಮುಚ್ಚಳದೊಳಗೆ ನೋಡಿದರೆ ಮಹಾರಾಷ್ಟ್ರ ಬಲಕ್ಕೆ ಬಂದಿದೆ, ಕರ್ನಾಟಕ ಎಡಕ್ಕೆ ಹೋಗಿದೆ! ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟ ಮೇಲೂ ಮುಗಿಯದ ಗಡಿ ವ್ಯಾಜ್ಯ ಗಾಜಿನ ಮೇಲೆ ಒಂದು ಕ್ಷಣದಲ್ಲಿ ತಿರುವುಮುರುವಾಯಿತು. ಕಬ್ಬಿನ ಟ್ರ್ಯಾಕ್ಟರೊಂದು ಬಂತು. ಅದನ್ನು ಹಿಡಿಯಲು ಬಲಕ್ಕೆ ತಿರುಗಿದರೆ ಅದು ಗಾಜಿನಲ್ಲಿ ಇನ್ನೂ ಬಲಕ್ಕೆ ಜಾರಿತು, ಮತ್ತಷ್ಟು ತಿರುಗಿದರೆ ಪೂರಾ ಮಾಯ. ದಾರಿಯಲ್ಲಿ ಹೋಗುತ್ತಿದ್ದ ಅಜ್ಜ ನನ್ನ ಬಾಗಿದ ತಲೆ ನೋಡಿ, “ಏನ ಬಿದ್ದೈತೋ ತಮ್ಮಾ, ಹುಡುಕಾಕತ್ತೀದಿ?” ಎಂದರು. ಫೋನ್ ಎತ್ತಿ ಹಿಡಿದಿದ್ದರೆ ಮುಖ ತಿರುಗಿಸಿ ಹೋಗುತ್ತಿದ್ದರು. ತಲೆ ತಗ್ಗಿಸಿದವನನ್ನು ಕಂಡರೆ ನಮ್ಮ ಜನ ನಿಂತು ಕೇಳುತ್ತಾರೆ.

ಅಜ್ಜನನ್ನೇ ನಿಲ್ಲಿಸಿ ತೆಗೆದೆ. ಗಾಜಿನಲ್ಲಿ ರುಂಬಾಲು ಸಮೇತ ಪೂರ್ತಿ ಕಂಡರು, ಫೋಟೋದಲ್ಲಿ ರುಂಬಾಲು ಹುಬ್ಬಿನ ಮೇಲೆಯೇ ಕತ್ತರಿಸಿಹೋಗಿತ್ತು. ನೋಡುವ ಕಣ್ಣು ಮೇಲೆ, ಬರೆಯುವ ಕಣ್ಣು ಕೆಳಗೆ. ಹತ್ತಿರದವರನ್ನು ತೆಗೆಯುವಾಗ ಆ ಮೂರು ಬೆರಳಿನ ಅಂತರ ತಲೆಯ ಮೇಲೆಯೇ ಬರುತ್ತದೆ. ಇದಕ್ಕೆ ರುಂಬಾಲ ಛೇದನ ನ್ಯಾಯವೆಂದು ಹೆಸರಿಟ್ಟಿರುವೆ. ಪರಿಹಾರ ಸುಲಭ: ಎರಡು ಹೆಜ್ಜೆ ಹಿಂದೆ ಸರಿಯಬೇಕು, ಇಲ್ಲವೇ ಡಬ್ಬಿಯನ್ನು ಅಷ್ಟೇ ಮೇಲೆತ್ತಬೇಕು.

ಇನ್ನು ರಾಯಬಾಗ. ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ಗಾಳಿಯೇ ಭಂಡಾರ, ನೆಲವೇ ಅರಿಶಿನ. ಮಧ್ಯಾಹ್ನದ ಬಿಸಿಲಿಗೆ ನೂರರ ಫಿಲ್ಮು, ಹದಿನಾರರ ಕಿಂಡಿ, ಸೆಕೆಂಡಿನ ನೂರಿಪ್ಪತ್ತೈದನೇ ಒಂದು ಪಾಲು ಎಂದರೆ ಅಳತೆಯ ಯಂತ್ರವೇ ಬೇಡ. ಹನ್ನೆರಡು ಸಲ ಒತ್ತಿದೆ. ರೀಲನ್ನು ತೊಳೆಯಲು ಬೆಂಗಳೂರಿಗೆ ಕೊರಿಯರ್ ಮಾಡಿ, ಡಬ್ಬಿಗೆ ಕೊಟ್ಟದ್ದಕ್ಕಿಂತ ರೀಲಿಗೇ ಹೆಚ್ಚು ಸುರಿದು ಕಾದೆ. ಏಳರಲ್ಲಿ ನನ್ನ ಬೆರಳು: ಮೇಲುಗಣ್ಣಿಗೆ ಜಾತ್ರೆ ಕಾಣುತ್ತಿದ್ದಾಗ ಕೆಳಗಣ್ಣನ್ನು ಅದು ಮುಚ್ಚಿಕೊಂಡಿತ್ತು. ನಾಲ್ಕು ಅಲುಗಿದ್ದವು. ಲೂಬಿಟೆಲ್‌ನಲ್ಲಿ ರೀಲು ಸುತ್ತುವುದು ಬೇರೆ, ಶಟರ್ ಏರಿಸುವುದು ಬೇರೆ. ಸುತ್ತಲು ಮರೆತರೆ ಅದು ನೆನಪಿಸುವುದೂ ಇಲ್ಲ. ಹಾಗಾಗಿ ಉಳಿದ ಒಂದರಲ್ಲಿ ಚಿಂಚಲಿಯ ಡೊಳ್ಳಿನವರೂ ಉಗಾರದ ರಸ್ತೆಯಲ್ಲಿ ತೆಗೆದ ಇನ್ನೊಂದು ಕಬ್ಬಿನ ಟ್ರ್ಯಾಕ್ಟರೂ ಒಟ್ಟಿಗೆ ಮೂಡಿ, ಡೊಳ್ಳಿನವರು ಕಬ್ಬಿನ ಹೊರೆಯ ಮೇಲೆ ಕುಣಿಯುತ್ತಿದ್ದಾರೆ. ನನ್ನ ಇಡೀ ಸಂಶೋಧನೆಯಲ್ಲಿ ಗೋಡೆಗೆ ಹಾಕುವಂಥದ್ದು ಅದೊಂದೇ.

ನಿಮ್ಮ ಮನೆಯ ಅಟ್ಟದಲ್ಲಿ ಇಂಥದೊಂದು ಡಬ್ಬಿಯಿದ್ದರೆ ಗುಜರಿಗೆ ಹಾಕಬೇಡಿ, ಹಿಂದಿನ ಬಾಗಿಲನ್ನು ಬೆಳಕಿನಲ್ಲಿ ತೆರೆಯಲೂ ಬೇಡಿ. ಒಳಗೆ ರೀಲಿದ್ದರೆ ಮನೆಯ ಯಾರದೋ ಮದುವೆ ಇನ್ನೂ ತೊಳೆಯದೆ ಉಳಿದಿರಬಹುದು.