ಕಾರ್ಯಾಗಾರ ಮೀಮಾಂಸೆ

ಮೊದಲಿಗೆ ಶಬ್ದನಿಷ್ಪತ್ತಿ. 'ಕಾರ್ಯಾಗಾರ'ವನ್ನು ಕಾರ್ಯ + ಆಗಾರ, ಅಂದರೆ ಕೆಲಸದ ಮನೆ ಎಂದು ಬಿಡಿಸುವುದು ವೈಯಾಕರಣರ ರೂಢಿ. ಲೋಕಾನುಭವಕ್ಕೆ ಇದು ವಿರುದ್ಧ. 'ಕಾರ್ಯ + ಆಗದು' ಎಂಬುದರ ಅಪಭ್ರಂಶವೇ ಕಾರ್ಯಾಗಾರ ಎಂಬುದು ಪ್ರಸ್ತುತ ಪ್ರಬಂಧದ ಮತ. ದಕಾರ ರಕಾರವಾದದ್ದು ಹೇಗೆಂದು ಕೇಳುವವರು ಮುಂದಿನ ಕಾರ್ಯಾಗಾರಕ್ಕೆ ಬರಬಹುದು. ಊಟದ ವ್ಯವಸ್ಥೆ ಇದೆ.

ಇನ್ನು ಪೂರ್ವಪಕ್ಷ. ಸಂಸ್ಥೆಗಳೂ ಕಲಿಯುತ್ತವೆ ಎನ್ನುತ್ತಾರೆ. ಪೀಟರ್ ಸೆಂಗೆ 1990ರಲ್ಲಿ ಅದಕ್ಕೆ ಐದು ಶಿಸ್ತುಗಳನ್ನು ಹೇಳಿದರು. ಅದಕ್ಕೂ ಮುಂಚೆ, 1974ರಲ್ಲೇ, ಕ್ರಿಸ್ ಆರ್ಗಿರಿಸ್ ಮತ್ತು ಡೊನಾಲ್ಡ್ ಶೋನ್ ಮನುಷ್ಯರು ಹೇಳಿಕೊಳ್ಳುವ ಸಿದ್ಧಾಂತ ಒಂದು, ನಡೆದುಕೊಳ್ಳುವ ಸಿದ್ಧಾಂತ ಇನ್ನೊಂದು ಎಂದಿದ್ದರು. ನುಡಿ ಬೇರೆ ನಡೆ ಬೇರೆ ಎಂದು 12ನೇ ಶತಮಾನದ ಶರಣರು ಪುಕ್ಕಟೆಯಾಗಿ ಬೈದದ್ದನ್ನು ನಾವು ಒಪ್ಪಿದ್ದು ಪವರ್‌ಪಾಯಿಂಟ್‌ನಲ್ಲಿ ನೋಡಿದ ಮೇಲೆಯೇ.

ಕಲಿಯುವ ಸಂಸ್ಥೆಗೆ ಉದಾಹರಣೆ ಬೇಕೆಂದರೆ, ಟೊಯೋಟಾ ಕಾರ್ಖಾನೆಯಲ್ಲಿ ದೋಷ ಕಂಡ ಯಾವ ಕಾರ್ಮಿಕನಾದರೂ ಹಗ್ಗ ಎಳೆಯಬಹುದು. ಸರಿಹೋಗದಿದ್ದರೆ ತಯಾರಿಕೆಯ ಸಾಲೇ ನಿಲ್ಲುತ್ತದೆ. ನಮ್ಮಲ್ಲೂ ದಾರವಿದೆ, ಕಡತಕ್ಕೆ ಕಟ್ಟುವುದು. ಕಟ್ಟಿದೊಡನೆ ಕಡತ ನಿಲ್ಲುತ್ತದೆ. ಆದ್ದರಿಂದ ತತ್ತ್ವವನ್ನು ಅಳವಡಿಸಿಕೊಂಡಾಗಿದೆ ಎಂದೇ ವರದಿ ಹೋಗಿದೆ. ಅದೇ ಟೊಯೋಟಾದ ತಾಯಿಚಿ ಓನೊ 'ಏಕೆ' ಎಂದು ಐದು ಸಲ ಕೇಳಿ ಅಂದರು. ನಮ್ಮ ಮೇಲಧಿಕಾರಿಗಳು ಒಂದೇ ಸಲ ಕೇಳುತ್ತಾರೆ, ಲಿಖಿತವಾಗಿ, ಏಳು ದಿನದೊಳಗೆ ಸಮಜಾಯಿಷಿ ಬಯಸಿ.

ಈಗ ದೃಷ್ಟಾಂತ. ಹೆಸರು ಬೇಡದ ಒಂದು ಕಚೇರಿಯಲ್ಲಿ 'ನಾಯಕತ್ವ ಮತ್ತು ಕಲಿಕೆ' ಎಂಬ ಕಾರ್ಯಾಗಾರ ಎರಡು ದಿನ ನಡೆಯಿತು. ಚಾರ್ಟ್ ಪೇಪರಿನ ತುಂಬ ಬಾಣಗಳು, ವರ್ತುಲಗಳು, ನಡುವೆ ದಪ್ಪಕ್ಷರದಲ್ಲಿ 'ಜನಸ್ನೇಹಿ'. ಕೇಸರಿಬಾತಿನಲ್ಲಿ ಗೋಡಂಬಿ ಧಾರಾಳವಾಗಿತ್ತು (ಇದು ಲೇಖಕನ ಪ್ರತ್ಯಕ್ಷ ಪ್ರಮಾಣ). ಕಾಫಿ ಹಂಚುತ್ತಿದ್ದ ಅಟೆಂಡರಮ್ಮನಿಗೆ ಒಳಗೆ ಕೂರುವ ಅರ್ಹತೆ ಇರಲಿಲ್ಲ, ಗ್ರೂಪ್ ಡಿ. ಆದರೆ ಬೆಳಗಿನಿಂದ ಸಂಜೆವರೆಗೆ ಜನ ಕೇಳುವುದು ಆಕೆಯನ್ನೇ: "ಅಮ್ಮಾ, ಅರ್ಜಿ ಫಾರಂ ಎಲ್ಲಿ ಕೊಡ್ತಾರೆ?" ಮೂರನೆಯ ದಿನ, ಕಸಕ್ಕೆ ಹೊರಟಿದ್ದ ಒಂದು ಚಾರ್ಟನ್ನು ಆಕೆ ಮಗುಚಿ, ಸ್ಕೆಚ್ ಪೆನ್ನಿನಲ್ಲಿ 'ಅರ್ಜಿ ಪಾರಂ 3ನೇ ಕಿಟಕಿ' ಎಂದು ಬರೆದು ಬಾಗಿಲಿಗೆ ಅಂಟಿಸಿದರು. ಕೇಳುವವರು ಕಡಿಮೆಯಾದರು.

ಕಲಿಕೆ ಕಾರ್ಯರೂಪಕ್ಕೆ ಬಂದುಬಿಟ್ಟಿದೆಯೆಂದು ತಿಳಿದ ಕೂಡಲೇ ಕಚೇರಿ ಎಚ್ಚೆತ್ತಿತು. ಆರೋಪ ಎರಡು: ಮಹಾಪ್ರಾಣ ಲೋಪ, ಮತ್ತು ಪೂರ್ವಾನುಮತಿಯಿಲ್ಲದೆ ಕಾರ್ಯಾಗಾರದ ಫಲಿತಾಂಶದ ಬಳಕೆ. ಚಾರ್ಟನ್ನು ತೆರವುಗೊಳಿಸಲು ಕಡತ ತೆರೆಯಲಾಯಿತು. 'ಚರ್ಚಿಸಿ' ಎಂಬ ಷರಾ ಹೊತ್ತು ಅದು ಮೂರು ಮೇಜು ದಾಟಿ, ನಾಲ್ಕನೆಯದರ ಮೇಲೆ ದಾರ ಕಟ್ಟಿಸಿಕೊಂಡು ಕೂತಿದೆ. ಹಾಗಾಗಿ ಚಾರ್ಟು ಇನ್ನೂ ಬಾಗಿಲಲ್ಲೇ ಇದೆ.