ಟ್ಯಾಲಿ ಕಾಕಾ ಮತ್ತು ಬಾಜೂಮನಿ ಕಳ್ಳ

ಹುಲಕೋಟಿಯಂಥ ಊರಲ್ಲಿ ಒಬ್ಬ ಟ್ಯಾಲಿ ಕಾಕಾ ಇರದಿದ್ದರೇ ಆಶ್ಚರ್ಯ. ಕೆ.ಎಚ್. ಪಾಟೀಲರು ಸಹಕಾರಿ ನೂಲಿನ ಗಿರಣಿ ಕಟ್ಟಿದ ಊರಿದು. 1905ರಲ್ಲೇ ಕೃಷಿ ಪತ್ತಿನ ಸಂಘ ಮಾಡಿದ ಕಣಗಿನಹಾಳವೂ ಇದೇ ಗದಗ ತಾಲ್ಲೂಕಿನದು. ಇಂಥ ಸೀಮೆಯಲ್ಲಿ ಸೊಸೈಟಿಯ ಜಮಾ-ಖರ್ಚು ಬರೆದು ನಿವೃತ್ತರಾದವರು ಸುಮ್ಮನೆ ಕೂರುತ್ತಾರೆಯೇ? ಹಾಲಿನ ಲೆಕ್ಕ, ಕರೆಂಟಿನ ಲೆಕ್ಕ ಮುಗಿದ ಮೇಲೆ ಕಾಕಾ ಮೊಬೈಲ್ ಡೇಟಾಕ್ಕೆ ಬಂದರು.

ದಿನಕ್ಕೆ ಒಂದೂವರೆ ಜಿಬಿ ಪ್ಯಾಕು. ಮನೆಯಲ್ಲಿ ವೈಫೈ ಇರುವುದರಿಂದ ಅದರಲ್ಲಿ ಮುಕ್ಕಾಲು ಪಾಲು ಉಳಿಯಬೇಕು, ಉಳಿಯುತ್ತಲೂ ಇತ್ತು. ಫೋನಿಗೆ ರಾತ್ರೋರಾತ್ರಿ ದೊಡ್ಡ ಅಪ್‌ಡೇಟ್ ಬಂತು ನೋಡಿ, ಮರುದಿನದಿಂದ ಮಧ್ಯಾಹ್ನದೊಳಗೇ ಪ್ಯಾಕು ಖಾಲಿ.

‘ಬಾಜೂಮನ್ಯಾಗ ಯಾವನೋ ನಮ್ಮ ವೈಫೈ ಜಗ್ಗಾಕತ್ಯಾನ.’

ಯಂತ್ರದ ಮೇಲೆ ಅನುಮಾನ ಪಡುವುದಕ್ಕಿಂತ ಮನುಷ್ಯರ ಮೇಲೆ ಪಡುವುದು ಇಂಥವರಿಗೆ ಸಲೀಸು. ಕಾಕಾ ಪಾಸ್‌ವರ್ಡ್ ಬದಲಿಸಿದರು. ಟಿವಿ ನಿಂತಿತು. ‘ಕಳ್ಳ ಸಿಗೂತನಾ ನನ್ನ ಧಾರಾವಾಹಿ ಯಾರ ತೋರಸ್ತಾರ್ರಿ?’ ಎಂದು ಕಾಕಿ ಅಡುಗೆಮನೆಯಿಂದಲೇ ಕೇಳಿದರು. ಫೋನಿನಲ್ಲಿ ಹಳೆಯ ಕನೆಕ್ಷನ್ ಅಳಿಸಿ ಹೊಸದಾಗಿ ಜೋಡಿಸಿ, ರೂಟರಿನ ಬೆನ್ನ ಮೇಲಿನ ಚೀಟಿ ಓದಿ, ಲ್ಯಾಪ್‌ಟಾಪಿನಲ್ಲಿ ಅದರ ಪುಟ ತೆರೆದರು. ವೈಫೈಗೆ ಜೋಡಿಸಿಕೊಂಡ ಸಾಧನಗಳ ಪಟ್ಟಿಯಲ್ಲಿ ಹಿಂದೆಂದೂ ಕಾಣದ ಒಂದು ವಿಳಾಸ! ಬ್ಲಾಕ್ ಒತ್ತಿದರು. ಆ ಕ್ಷಣವೇ ಕೈಯಲ್ಲಿದ್ದ ಅವರದೇ ಫೋನಿನ ವೈಫೈ ಹೋಯಿತು.

ಎಂಜಿನಿಯರಿಂಗ್ ಓದುವ ಅಕ್ಕನ ಮಗ ಬಂದು ಪಟ್ಟಿ ನೋಡಿ ನಕ್ಕ. 2019ರ ಆಂಡ್ರಾಯ್ಡ್ 10ರಿಂದ ಈಚೆಗೆ, ಹೊಸದಾಗಿ ಜೋಡಿಸಿದ ವೈಫೈಗೆ ಫೋನು ತನ್ನ ಅಸಲಿ ಮ್ಯಾಕ್ ವಿಳಾಸ ಕೊಡುವುದಿಲ್ಲ, ಒಂದು ಸುಳ್ಳು ವಿಳಾಸ ಹುಟ್ಟಿಸಿ ಕೊಡುತ್ತದೆ. ಅದರ ಎರಡನೆಯ ಅಕ್ಷರ 2, 6, ಎ, ಇ ಇವುಗಳಲ್ಲೊಂದಾಗಿದ್ದರೆ ಸಾಮಾನ್ಯವಾಗಿ ಅದು ಇಂಥದ್ದೇ. ಕಳ್ಳನನ್ನು ಹಿಡಿಯುವ ಭರದಲ್ಲಿ ಕಾಕಾನೇ ಒಬ್ಬ ಕಳ್ಳನನ್ನು ಹೆತ್ತಿದ್ದರು.

‘ಅಲ್ಲ ಮಾವಾ, ಯಾರರ ವೈಫೈ ಕದ್ರ ನಿನ್ನ ಸಿಮ್ಮಿನ ಡೇಟಾ ಹೆಂಗ ಖಾಲಿ ಆಗ್ತೈತಿ?’

ಅಷ್ಟು ವರ್ಷ ಲೆಡ್ಜರು ತಿದ್ದಿದವರಿಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಎರಡೂ ಬೇರೆ ಬೇರೆ ಖಾತೆ.

ಹುಡುಗ ಸೆಟ್ಟಿಂಗ್ಸ್ ಕೆದಕಿದ. ವೈಫೈ ಮಂದವಾದರೆ ಹೇಳದೆ ಕೇಳದೆ ಮೊಬೈಲ್ ಡೇಟಾಕ್ಕೆ ಜಿಗಿಯುವ ಆಯ್ಕೆಯೊಂದು ಅಪ್‌ಡೇಟಿನ ಜೊತೆ ಆನ್ ಆಗಿ ಕೂತಿತ್ತು. ಕಾಕಾನದು ಮಾಳಿಗೆ ಮನೆ. ರೂಟರು ಒಳಕೋಣೆಯಲ್ಲಿ, ಕಾಕಾ ದಿನವಿಡೀ ಹೊರಕಟ್ಟೆಯ ಮೇಲೆ, ನಡುವೆ ಮೊಳದಷ್ಟು ದಪ್ಪದ ಮಣ್ಣಿನ ಗೋಡೆ. ಅದನ್ನು ದಾಟಿ ಬರುವಷ್ಟರಲ್ಲಿ ಸಿಗ್ನಲ್ ಸೋತುಹೋಗಿರುತ್ತದೆ. ಇದೇನು ಹುಲಕೋಟಿಗಷ್ಟೇ ಬಂದ ಕಷ್ಟವಲ್ಲ. 2015ರಲ್ಲಿ ಆಪಲ್ ಕಂಪನಿ ಐಒಎಸ್ 9ರ ಜೊತೆ ‘ವೈಫೈ ಅಸಿಸ್ಟ್’ ಎಂಬ ಇಂಥದ್ದೇ ಸೌಲಭ್ಯ ಆನ್ ಮಾಡಿ ಕೊಟ್ಟಾಗ ಅಮೆರಿಕದ ಗ್ರಾಹಕರು ಬಿಲ್ಲು ಏರಿತೆಂದು ಕೋರ್ಟಿಗೇ ಹೋಗಿದ್ದರು. ಕಾಕಾಗೆ ಇದನ್ನು ಹೇಳಬಾರದಿತ್ತು. ಗದಗಿನ ವಕೀಲರೊಬ್ಬರ ನಂಬರ್ ಹುಡುಕತೊಡಗಿದರು.

ಅಂತೂ ಆಯ್ಕೆ ಬಂದ್ ಆಯಿತು. ಮರುದಿನ ರಾತ್ರಿ ಪ್ಯಾಕಿನಲ್ಲಿ ಒಂದು ಜಿಬಿಗೂ ಹೆಚ್ಚು ಉಳಿದಿತ್ತು. ವಹಿಯಲ್ಲಿ ಕೆಂಪು ಶಾಯಿಯಿಂದ ‘ತಾಳೆ’ ಎಂದು ಬರೆದರು. ಆದರೆ ಕಟ್ಟೆಯ ಮೇಲೆ ಕೂತು ವಿಡಿಯೊ ಹಚ್ಚಿದರೆ ಈಗ ಬರೀ ಚಕ್ರ ತಿರುಗುತ್ತದೆ. ಫೋನು ಆ ಬಡಕಲು ವೈಫೈಯನ್ನು ಬಿಡುವುದಿಲ್ಲ. ಕಾಕಾ ಕನ್ನಡಕ ಏರಿಸಿ ಬಾಜೂಮನಿಯ ಕಡೆ ನೋಡಿದರು.

‘ಡೇಟಾ ಬಿಟ್ಟ ಈಗ ಸಿಗ್ನಲ್ ಜಗ್ಗಾಕ ಹತ್ಯಾರ, ಮಕ್ಳು.’