ಶ್ರೀಮಾನ್ ಮೂರು ಮೀಟರ್ ಅವರಿಗೊಂದು ಬಹಿರಂಗ ಪತ್ರ

ಭಾರತದಲ್ಲಿ ಯಾರು ಅಂಧರು ಎಂದು ತೀರ್ಮಾನಿಸುವ ಅಧಿಕಾರ 2017ರಿಂದ ಮಾನ್ಯ ಮೂರು ಮೀಟರ್ ಅವರದು. 1976ರಲ್ಲಿ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಶುರುವಾದಾಗ ಆ ಕುರ್ಚಿಯಲ್ಲಿ ಆರು ಮೀಟರ್ ಕೂತಿದ್ದರು. ಅಷ್ಟು ದೂರದಿಂದ ಬೆರಳು ಎಣಿಸಲಾಗದವರು ಅಂಧರು. ಮುಂದೆ ವಿಶ್ವ ಆರೋಗ್ಯ ಸಂಸ್ಥೆಯ ಅಳತೆಗೆ ಹೊಂದಿಸಲೆಂದು ಅಂತರ ಅರ್ಧಕ್ಕಿಳಿಯಿತು. ನಾಲ್ಕು ಮೀಟರಿನಲ್ಲಷ್ಟೇ ಬೆರಳು ಕಾಣುವ ಬಾದಾಮಿಯ ಮುದುಕಿ ಅಂಧಳಾಗಿ ಮಲಗಿ ಕಣ್ಣುಳ್ಳವಳಾಗಿ ಎದ್ದಳು. ಒಂದು ಹನಿ ಔಷಧವೂ ಬೇಕಾಗಲಿಲ್ಲ.

ಬಾದಾಮಿಯಿರುವ ಇದೇ ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರಿಗೆ ಈ ಸುಲಭೋಪಾಯ ಹೊಳೆಯಲಿಲ್ಲ. ಪಾಪ, ಊರೂರಲ್ಲಿ ಶಿಬಿರ ಹಾಕಿ ಪೊರೆ ತೆಗೆಯುತ್ತಲೇ ಹೋದರು. ಒಂದೇ ದಿನದಲ್ಲಿ 833 ಶಸ್ತ್ರಚಿಕಿತ್ಸೆಗಳ ದಾಖಲೆ ಅವರದು.

ಅಂಧತ್ವ ಇಳಿದದ್ದು ಬರೀ ಟೇಪಿನ ಮಹಿಮೆಯಲ್ಲ, ಚಿಕಿತ್ಸೆಯ ಪಾಲೂ ಇದೆ. ದೇಶದಲ್ಲಿ 2006-07ರಲ್ಲಿ ಶೇ. 1ರಷ್ಟಿದ್ದದ್ದು 2015-19ರ ಸಮೀಕ್ಷೆಗೆ ಶೇ. 0.36 ಆಯಿತು. ಜಗತ್ತಿನಲ್ಲೂ 1990ರಿಂದ 2020ರೊಳಗೆ, ವಯಸ್ಸಿಗೆ ಹೊಂದಿಸಿ ನೋಡಿದರೆ, ಪ್ರಮಾಣ ಶೇ. 28ರಷ್ಟು ತಗ್ಗಿತು. ಆದರೆ ಜನ ಹೆಚ್ಚಿದರು, ಹೆಚ್ಚು ಕಾಲ ಬದುಕಿದರು. ಹೀಗಾಗಿ ಅಂಧರ ಸಂಖ್ಯೆ ಅರ್ಧದಷ್ಟು ಏರಿ 4.3 ಕೋಟಿ ಮುಟ್ಟಿತು. ಇವರಲ್ಲಿ ಬಹಳಷ್ಟು ಮಂದಿಗೆ ಬೇಕಿರುವುದು ಅದೇ ಹಳೆಯ ಪೊರೆ ಶಸ್ತ್ರಚಿಕಿತ್ಸೆ.

ಮಾನ್ಯರು ಲೆಕ್ಕಕ್ಕೆ ಹಿಡಿಯುವುದು ಎರಡರಲ್ಲಿ ಚೆನ್ನಾಗಿ ಕಾಣುವ ಕಣ್ಣನ್ನು. ಹುನಗುಂದ ಕಡೆಯ ಕಲ್ಲು ಕೆಲಸದವನ ಒಂದು ಕಣ್ಣು ಚೂರು ಸಿಡಿದು ಹೋದರೆ ಕಡತದಲ್ಲಿ ಅದು ಹೋಗಿಯೇ ಇಲ್ಲ.

ಇಳಕಲ್ಲಿನ ಕುಣಿಮಗ್ಗದ ಮುಂದೆ ಮಾನ್ಯರ ಆಟ ನಡೆಯುವುದೇ ಇಲ್ಲ. ಅಲ್ಲಿ ಸೀರೆಯ ಒಡಲಿನ ಹಾಸುನೂಲಿಗೆ ಸೆರಗಿನ ರೇಷ್ಮೆ ಹಾಸುನೂಲನ್ನು ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ನಲವತ್ತು ದಾಟಿದ ನೇಕಾರ ಎದುರು ಗೋಡೆಯ ಕ್ಯಾಲೆಂಡರನ್ನು ಸಲೀಸಾಗಿ ಓದುತ್ತಾನೆ. ಕೈಯಲ್ಲಿರುವ ಎಳೆ ಮಾತ್ರ ಪಕ್ಕದ ಎಳೆಯೊಳಗೆ ಕರಗಿಹೋಗುತ್ತದೆ. 'ಚಾಳೀಸು ಬಂತು' ಎಂದು ಕೊಂಡಿಯ ಕೆಲಸವನ್ನು ಮಗಳಿಗೆ ಬಿಟ್ಟುಕೊಡುತ್ತಾನೆ. ದೂರದೃಷ್ಟಿಯ ಪರೀಕ್ಷೆಯಲ್ಲಿ ಅವನು ಪ್ರಥಮ ದರ್ಜೆ! ಜಗತ್ತಿನಲ್ಲಿ ಕನ್ನಡಕವಿಲ್ಲದೆ ಹತ್ತಿರದ್ದು ಕಾಣದವರೇ ಸುಮಾರು 51 ಕೋಟಿ. 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಸ್ಸಾಮಿನ ಚಹಾ ಎಲೆ ಕೀಳುವವರಿಗೆ ಓದುವ ಕನ್ನಡಕ ಕೊಟ್ಟು ನೋಡಿದರು. ಕನ್ನಡಕ ಸಿಗದವರಿಗಿಂತ ಅವರ ದುಡಿಮೆ ಶೇ. 21.7ರಷ್ಟು ಹೆಚ್ಚು ಏರಿತು.

ಆದ್ದರಿಂದ ಮಾನ್ಯರು ಇನ್ನೊಮ್ಮೆ ಕುಗ್ಗಿ, 40 ಸೆಂಟಿಮೀಟರಿಗೆ ಇಳಿದು, ಇಳಕಲ್ಲು, ಗುಳೇದಗುಡ್ಡಗಳ ಮಗ್ಗದ ಪಕ್ಕ ಕೂರಬೇಕೆಂದು ವಿನಂತಿ. ಈ ಸಲ ಅಂತರ ಇಳಿದರೆ ಲೆಕ್ಕ ಏರುತ್ತದೆ. ಅದಕ್ಕೆ ಬೇಸರಿಸಬಾರದು.